ಕಾಫಿ ಮಲೆಗಳ ಎಳೆಯ ಮಕ್ಕಳ ದೃಷ್ಟಿ ಹಾಗೂ ಶ್ರವಣ ತಪಾಸಣೆ: ಒಂದು ಚಾರಿತ್ರಿಕ ವಿವೇಚನೆ

೧

ಚಿಕ್ಕಮಗಳೂರು ಸೀಮೆಯ ಚರಿತ್ರೆ ಎಂದೊಡನೆ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ ಮೊಳೆತ ಹೊಯ್ಸಳ ವಂಶ, ಕಳಸ-ಕಾರ್ಕಳಗಳನ್ನಾಳಿದ ಭೈರರಸರು, ಬಾಬಾಬುಡನ್ ಗಿರಿಯ ಕಾಫಿ ಬೀಜದ ಐತಿಹ್ಯ, ಇವು ನೆನಪಿಗೆ ಬರುವುದು ಸಹಜ. ಈ ವಿಷಯಗಳಲ್ಲಿ ವಿದ್ವಾಂಸರು ಬಹಳಷ್ಟು ದುಡಿದಿದ್ದಾರೆ. ಆದರೆ ಇದೇ ಮಲೆಗಳಲ್ಲಿ ಹುಟ್ಟಿದ ಎಳೆಯ ಮಗುವೊಂದಕ್ಕೆ ಕಣ್ಣು ಸರಿಯಾಗಿ ಕಾಣುತ್ತದೆಯೆ, ಕಿವಿ ಸರಿಯಾಗಿ ಕೇಳುತ್ತದೆಯೆ ಎಂಬ ಪ್ರಶ್ನೆಯನ್ನು ರಾಜ್ಯವಾಗಲಿ ಸಮಾಜವಾಗಲಿ ಎಂದು ಕೇಳಿತು, ಯಾವ ಸ್ಥಳದಲ್ಲಿ ಕೇಳಿತು ಎಂದು ವಿಚಾರಿಸಿದವರು ವಿರಳ. ಈ ಕಿರುಪ್ರಬಂಧದ ಉದ್ದೇಶ ಆ ವಿಚಾರಣೆಯನ್ನು ಪ್ರಾರಂಭಿಸುವುದು ಮಾತ್ರ.

ಮೊದಲು ಪದಾರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಚಿಕಿತ್ಸೆ ಬೇರೆ, ತಪಾಸಣೆ ಬೇರೆ. ನೋವೆಂದು ಬಂದವನನ್ನು ವೈದ್ಯನು ನೋಡುವುದು ಚಿಕಿತ್ಸೆ. ನೋವಿಲ್ಲದವರನ್ನೂ ದೂರು ಹೇಳದವರನ್ನೂ ಒಬ್ಬರನ್ನೂ ಬಿಡದೆ ಸರಳವಾದ ಒಂದು ಪರೀಕ್ಷೆಗೆ ಒಳಪಡಿಸಿ, ಸಂಶಯಕ್ಕೆ ಎಡೆಯಿರುವವರನ್ನು ಬೇರ್ಪಡಿಸಿ ಮುಂದಿನ ಪರೀಕ್ಷೆಗೆ ಕಳುಹಿಸುವುದು ತಪಾಸಣೆ. ಎಳೆಯ ಮಕ್ಕಳ ವಿಷಯದಲ್ಲಿ ಈ ಭೇದವು ಅತ್ಯಂತ ಮುಖ್ಯವಾದುದು. ಏಕೆಂದರೆ ಹುಟ್ಟಿನಿಂದಲೂ ಮಸುಕಾಗಿ ಕಂಡ ಮಗುವಿಗೆ ಜಗತ್ತೇ ಮಸುಕು. ತನಗೆ ಕಾಣುವುದಿಲ್ಲವೆಂದು ಅದು ದೂರುವುದಿಲ್ಲ. ಕೇಳದ ಮಗುವಿಗೆ ಕೇಳುವುದು ಎಂದರೇನೆಂಬುದೇ ತಿಳಿಯದು. ಅಲ್ಲದೆ ಇಲ್ಲಿ ಕಾಲವೂ ಕಾಯುವುದಿಲ್ಲ. ಮೆಳ್ಳೆಗಣ್ಣಿನಿಂದಾಗಲಿ, ಎರಡು ಕಣ್ಣುಗಳ ಶಕ್ತಿಯ ವ್ಯತ್ಯಾಸದಿಂದಾಗಲಿ ಒಂದು ಕಣ್ಣು ಮಂದವಾದರೆ ಸುಮಾರು ಏಳು ವರ್ಷದೊಳಗೆ ಅದನ್ನು ತಿದ್ದುವುದು ಸುಲಭ. ಅನಂತರ ಬರಬರುತ್ತ ಕಠಿನ. ಕಿವಿಯ ವಿಷಯದಲ್ಲಿ ಅವಧಿ ಇನ್ನೂ ಕಿರಿದು. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಉಪಚಾರ ಎಂಬುದು ಇಂದು ತಜ್ಞರು ಒಪ್ಪಿರುವ ಮೇಲ್ಪಂಕ್ತಿ. ಮಾತು ಕಲಿಯುವ ವಯಸ್ಸು ಕಳೆದ ಮೇಲೆ ದೊರೆತ ಶ್ರವಣಯಂತ್ರವು ಶಬ್ದವನ್ನು ಕೊಟ್ಟೀತು, ಭಾಷೆಯನ್ನು ಸುಲಭವಾಗಿ ಕೊಡಲಾರದು.

ಈ ಮಲೆಗಳಲ್ಲಿ ಆ ಪ್ರಶ್ನೆ ಮಗುವನ್ನು ಸಮಯಕ್ಕೆ ಸರಿಯಾಗಿ ಮುಟ್ಟಿತೆ? ಮುಟ್ಟದಿದ್ದರೆ ಅದಕ್ಕೆ ಕಾರಣವೇನು? ಇವೇ ನಮ್ಮ ಮುಂದಿರುವ ಪ್ರಶ್ನೆಗಳು.

೨

ಆಧಾರಗಳಲ್ಲಿ ಮೊದಲನೆಯದು ಖಾನೇಷುಮಾರಿ. ಇಂದಿನ ಚಿಕ್ಕಮಗಳೂರು ಜಿಲ್ಲೆಯು ೧೯೪೭ರವರೆಗೆ ಕಡೂರು ಜಿಲ್ಲೆಯೆಂಬ ಹೆಸರಿನಿಂದ ಮೈಸೂರು ಸಂಸ್ಥಾನದಲ್ಲಿದ್ದಿತು. ೧೮೮೧ರಿಂದ ೧೯೩೧ರವರೆಗೆ ನಡೆದ ಗಣತಿಗಳಲ್ಲಿ, ಭಾರತದ ಇತರ ಭಾಗಗಳಂತೆ ಈ ಸಂಸ್ಥಾನದಲ್ಲಿಯೂ ಅಂಧರನ್ನೂ ಕಿವುಡು-ಮೂಕರನ್ನೂ ಬುದ್ಧಿಭ್ರಮಣೆಯುಳ್ಳವರನ್ನೂ ಕುಷ್ಠರೋಗಿಗಳನ್ನೂ ಎಣಿಸುವ ಅಂಕಣವೊಂದಿದ್ದಿತು. ಹೊರನೋಟಕ್ಕೆ ಇದು ಅಮೂಲ್ಯವಾದ ಸಾಮಗ್ರಿ. ಆದರೆ ಎಣಿಕೆದಾರರಿಗೆ ಕೊಟ್ಟ ಸೂಚನೆಗಳನ್ನು ಗಮನಿಸಿದರೆ ಅದರ ಮಿತಿ ತಿಳಿಯಬರುತ್ತದೆ. ಎರಡು ಕಣ್ಣೂ ಕಾಣದವನನ್ನು ಮಾತ್ರ ಅಂಧನೆಂದು ಬರೆಯಬೇಕು, ಒಂದು ಕಣ್ಣು ಕಾಣದವನನ್ನು ಬರೆಯಕೂಡದು. ಹುಟ್ಟಿನಿಂದ ಕಿವುಡನೂ ಮೂಕನೂ ಆದವನನ್ನು ಮಾತ್ರ ಕಿವುಡು-ಮೂಕನೆಂದು ಬರೆಯಬೇಕು ಎಂಬುದು ನಿಯಮ. ಎಂದರೆ ತಿದ್ದಬಹುದಾದ ದೋಷಗಳೆಲ್ಲವೂ, ಅರೆಗಿವುಡು, ಸೋರುವ ಕಿವಿ, ಮಂದವಾದ ಒಂದು ಕಣ್ಣು, ಕನ್ನಡಕದಿಂದ ನೀಗುವ ದೃಷ್ಟಿದೋಷ ಮೊದಲಾದುವೆಲ್ಲವೂ, ನಿಯಮದಿಂದಲೇ ಲೆಕ್ಕದ ಹೊರಗುಳಿದುವು. ಖಾನೇಷುಮಾರಿಯು ಎಣಿಸಿದುದು ನಷ್ಟವು ಪೂರ್ಣವಾದ ಮೇಲೆ.

ಇನ್ನೊಂದು ಕೊರತೆಯನ್ನು ಗಣತಿಯ ವರದಿಕಾರರೇ ಗಮನಿಸಿದ್ದರು. ಕಿವುಡು-ಮೂಕತನವು ಹುಟ್ಟಿನಿಂದಲೇ ಬರುವುದಾದರೆ ಐದು ವರ್ಷದೊಳಗಿನ ಮಕ್ಕಳಲ್ಲಿಯೂ ಅದರ ಪ್ರಮಾಣ ಇತರ ವಯೋಮಾನಗಳಷ್ಟೇ ಇರಬೇಕು. ಪಟ್ಟಿಗಳಲ್ಲಾದರೋ ಅದು ಅಸ್ವಾಭಾವಿಕವಾಗಿ ಕಡಮೆ. ತಾಯಿತಂದೆಗಳು ಆಸೆಯಿರುವವರೆಗೂ ಒಪ್ಪಿಕೊಳ್ಳುವುದಿಲ್ಲವೆಂಬುದೇ ಇದಕ್ಕೆ ಕಾರಣ. "ಅವರಪ್ಪನಿಗೂ ಮಾತು ತಡವಾಗಿಯೇ ಬಂದಿತ್ತು" ಎಂದು ಮನೆಯ ಹಿರಿಯರು ಇಂದಿಗೂ ಹೇಳುವುದುಂಟು. ಎಣಿಕೆದಾರನಿಗೂ ಇಂಥ ಉತ್ತರವೇ ದೊರೆತಿರಬೇಕು. ಹೀಗೆ ಯಾವ ವಯಸ್ಸಿನಲ್ಲಿ ತಿಳಿದರೆ ಪ್ರಯೋಜನವೋ ಅದೇ ವಯಸ್ಸಿನ ಮಕ್ಕಳು ದಾಖಲೆಯಿಂದ ಮರೆಯಾದರು. ೧೯೪೧ರಲ್ಲಿ ಈ ಅಂಕಣವನ್ನೇ ಕೈಬಿಡಲಾಯಿತು. ೧೯೮೧ರಲ್ಲಿ ಒಮ್ಮೆ, ಅನಂತರ ೨೦೦೧ರಲ್ಲಿ ಮತ್ತು ೨೦೧೧ರಲ್ಲಿ ಅಂಗವೈಕಲ್ಯದ ಪ್ರಶ್ನೆ ಗಣತಿಗೆ ಮರಳಿತು. ನಡುವಣ ನಾಲ್ಕು ದಶಕಗಳ ಬಗೆಗೆ ಗಣತಿ ಮೌನವಾಗಿದೆ.

೩

ಆ ಮೌನದ ಹಿಂದೆ ಇದ್ದುದೇನೆಂಬುದನ್ನು ಈ ಪ್ರದೇಶದ ರೋಗಚರಿತ್ರೆಯಿಂದ ಸ್ವಲ್ಪಮಟ್ಟಿಗೆ ಊಹಿಸಬಹುದು. ಮಲೆನಾಡಿನ ದೊಡ್ಡ ಶತ್ರುವಾಗಿದ್ದುದು ಮಲೇರಿಯಾ. ೧೯೨೦ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರವು ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದಿಂದ ಮಲೇರಿಯಾ ಸಂಶೋಧನೆಯನ್ನು ಕೈಗೊಂಡಾಗ ಮೂಡಿಗೆರೆಯು ಅದರ ಕ್ಷೇತ್ರಗಳಲ್ಲಿ ಒಂದಾಯಿತು. ಆಗಿನ ಮುಖ್ಯ ಔಷಧ ಕ್ವಿನೈನು. ಪ್ರಮಾಣ ಮೀರಿದರೆ ಅದು ಕಿವಿಯಲ್ಲಿ ಮೊರೆತವನ್ನೂ ಕಿವುಡನ್ನೂ, ಕೆಲವರಲ್ಲಿ ದೃಷ್ಟಿಮಾಂದ್ಯವನ್ನೂ ಉಂಟುಮಾಡಬಲ್ಲುದೆಂಬುದು ವೈದ್ಯಶಾಸ್ತ್ರಕ್ಕೆ ಬಹುಕಾಲದಿಂದ ತಿಳಿದ ಸಂಗತಿ. ಜ್ವರವು ಪ್ರಾಣವನ್ನೇ ಕೊಂಡೊಯ್ಯುತ್ತಿದ್ದ ಕಾಲದಲ್ಲಿ ಕಿವಿಯ ಮಾತೆತ್ತುವ ವ್ಯವಧಾನ ಯಾರಿಗೂ ಇರಲಿಲ್ಲವೆಂದರೆ ಅದು ಆಕ್ಷೇಪಣೆಯಲ್ಲ, ವಸ್ತುಸ್ಥಿತಿ.

ಎರಡನೆಯದು ಗಳಗಂಡ. ಮಳೆ ತೊಳೆದ ಬೆಟ್ಟದ ಮಣ್ಣಿನಲ್ಲಿ ಅಯೋಡಿನ್ ಕಡಮೆಯಾಗಿ, ಅಲ್ಲಿಯ ನೀರು ಮತ್ತು ಬೆಳೆಗಳಲ್ಲಿಯೂ ಅದು ಕೊರತೆಯಾಗುತ್ತದೆ. ಗರ್ಭಿಣಿಯಲ್ಲಿ ಈ ಕೊರತೆ ತೀವ್ರವಾದರೆ ಮಗುವು ಕಿವುಡು-ಮೂಕತನದಿಂದಲೂ ಬುದ್ಧಿಮಾಂದ್ಯದಿಂದಲೂ ಹುಟ್ಟಬಹುದು. ೧೯೫೬ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ನಡೆಸಿದ ಪ್ರಯೋಗವು ಅಯೋಡಿನ್ ಬೆರೆಸಿದ ಉಪ್ಪಿನಿಂದ ಗಳಗಂಡವನ್ನು ತಡೆಯಬಹುದೆಂದು ತೋರಿಸಿತು. ೧೯೬೨ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಪ್ರಾರಂಭವಾಯಿತು. ೧೯೯೨ರಲ್ಲಿ ಅದು ಅಯೋಡಿನ್ ಕೊರತೆಯ ಎಲ್ಲ ವ್ಯಾಧಿಗಳನ್ನೂ ಒಳಗೊಂಡು ಹೊಸ ಹೆಸರನ್ನು ಪಡೆಯಿತು. ಗಳಗಂಡವೆಂದರೆ ಹಿಮಾಲಯದ ತಪ್ಪಲಿನ ರೋಗವೆಂಬ ಭಾವನೆ ಬಹುಕಾಲ ಇದ್ದಿತು. ಅನಂತರದ ಸಮೀಕ್ಷೆಗಳು ಕರ್ನಾಟಕದಲ್ಲಿ ಗಳಗಂಡ ಪೀಡಿತವೆಂದು ಗುರುತಿಸಿದ ಜಿಲ್ಲೆಗಳಲ್ಲಿ ಚಿಕ್ಕಮಗಳೂರೂ ಒಂದು. ನಮ್ಮ ವಿಷಯಕ್ಕೆ ಇದು ಕೇವಲ ಪಕ್ಕದ ಸಂಗತಿಯಲ್ಲ. ಉಪ್ಪಿನ ಚರಿತ್ರೆಯೂ ಕಿವಿಯ ಚರಿತ್ರೆಯೂ ಇಲ್ಲಿ ಒಂದಾಗುತ್ತವೆ.

ಇವುಗಳ ಜೊತೆಗೆ ಎ ಅನ್ನಾಂಗದ ಕೊರತೆಯಿಂದ ಬರುವ ಇರುಳುಗುರುಡು, ಹಿಂದುಳಿದ ವಾಸಸ್ಥಳಗಳಲ್ಲಿ ಮಕ್ಕಳನ್ನು ಕಾಡುವ ಕಿವಿಸೋರಿಕೆ, ಗರ್ಭಿಣಿಗೆ ತಗಲಿದ ರುಬೆಲ್ಲ ಜ್ವರ, ಸೋದರಸಂಬಂಧದ ವಿವಾಹಗಳಲ್ಲಿ ಹೆಚ್ಚಾಗಿ ತಲೆದೋರುವ ಆನುವಂಶಿಕ ಕಿವುಡು, ಇವನ್ನೂ ಸೇರಿಸಿಕೊಳ್ಳಬೇಕು. ಇವು ಕರ್ನಾಟಕದಾದ್ಯಂತ ಇದ್ದ ಕಾರಣಗಳು. ಆದರೆ ಕಾಫಿ ಮಲೆಗಳಲ್ಲಿ ದಾರಿಯಿಲ್ಲದ ದೂರವೂ ಆರು ತಿಂಗಳ ಮಳೆಯೂ ಅವುಗಳಿಗೆ ಬೆಂಬಲವಾಗಿದ್ದುವು.

೪

ಮಕ್ಕಳನ್ನು ಕೂಡಿಸಿ ಪರೀಕ್ಷಿಸುವ ಆಲೋಚನೆಯು ನಮಗೆ ಶಾಲೆಯ ಮೂಲಕ ಬಂದಿತು. ಇಂಗ್ಲೆಂಡಿನಲ್ಲಿ ಬೋಯರ್ ಯುದ್ಧಕ್ಕೆ ಸೈನಿಕರನ್ನು ಆರಿಸುವಾಗ ಯುವಕರಲ್ಲಿ ಅನೇಕರು ಶಾರೀರಿಕವಾಗಿ ಅಯೋಗ್ಯರೆಂದು ಕಂಡುಬಂದುದು ಅಲ್ಲಿಯ ಸರ್ಕಾರವನ್ನು ಎಚ್ಚರಿಸಿತು. ೧೯೦೭ರ ಶಾಸನವು ಶಾಲಾಬಾಲಕರ ವೈದ್ಯಕೀಯ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಭಾರತದಲ್ಲಿ ಇಂತಹ ಪರೀಕ್ಷೆ ಮೊದಲು ನಡೆದುದು ೧೯೦೯ರಲ್ಲಿ ಬರೋಡ ನಗರದಲ್ಲಿ. ಉಪಕರಣಕ್ಕೆ ಕೊರತೆಯಿರಲಿಲ್ಲ. ಉಟ್ರೆಕ್ಟಿನ ನೇತ್ರವೈದ್ಯ ಸ್ನೆಲ್ಲೆನ್ ೧೮೬೨ರಲ್ಲಿಯೇ ಅಕ್ಷರಫಲಕವನ್ನು ರಚಿಸಿದ್ದನು. ಇಪ್ಪತ್ತು ಅಡಿ ಜಾಗ, ಒಂದು ಫಲಕ, ಒಳ್ಳೆಯ ಬೆಳಕು, ಇಷ್ಟಿದ್ದರೆ ಉಪಾಧ್ಯಾಯನೇ ಮಾಡಬಹುದಾದ ಪರೀಕ್ಷೆ ಅದು. ಅಕ್ಷರ ಬಾರದವರಿಗೆ ಕವಲುಗಳುಳ್ಳ ಒಂದೇ ಗುರುತನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಬರೆದ ಫಲಕವೂ ಬಳಕೆಗೆ ಬಂದಿತು. ಮಗುವು ಬೆರಳಿನಿಂದ ದಿಕ್ಕನ್ನು ತೋರಿದರೆ ಸಾಕು.

ಆದರೆ ೧೯೪೩ರಲ್ಲಿ ನೇಮಕಗೊಂಡು ೧೯೪೬ರಲ್ಲಿ ವರದಿಯೊಪ್ಪಿಸಿದ ಸರ್ ಜೋಸೆಫ್ ಭೋರ್ ಅವರ ಸಮಿತಿಯಾಗಲಿ, ೧೯೬೦ರಲ್ಲಿ ನೇಮಕಗೊಂಡು ಮರುವರ್ಷ ವರದಿ ಕೊಟ್ಟ ಶ್ರೀಮತಿ ರೇಣುಕಾ ರಾಯ್ ಅವರ ಶಾಲಾ ಆರೋಗ್ಯ ಸಮಿತಿಯಾಗಲಿ ಕಂಡುದು ತೃಪ್ತಿಕರವಾದ ಚಿತ್ರವಲ್ಲ. ಶಾಲಾ ಆರೋಗ್ಯಸೇವೆ ದೇಶದ ಬಹುಭಾಗದಲ್ಲಿ ಇನ್ನೂ ಬಾಲ್ಯಾವಸ್ಥೆಯಲ್ಲಿಯೇ ಇದ್ದಿತು. ಇದಕ್ಕಿಂತ ಮೂಲಭೂತವಾದ ತೊಡಕು ಇನ್ನೊಂದಿದೆ. ಶಾಲೆಯ ಬಾಗಿಲು ತೆರೆಯುವುದು ಐದಾರು ವರ್ಷಕ್ಕೆ. ಕಿವಿಯ ಅವಧಿ ಆಗ ಮುಗಿದಿರುತ್ತದೆ. ಕಣ್ಣಿನ ಅವಧಿ ಮುಗಿಯುತ್ತಿರುತ್ತದೆ. ತೋಟದ ಕೂಲಿಯ ಮಗುವು ಆ ಬಾಗಿಲಿಗೆ ತಲಪುವುದೂ ನಿಶ್ಚಯವಿರಲಿಲ್ಲ.

ಇದೇ ಕಾಲದಲ್ಲಿ ದೊಡ್ಡ ಸಂಸ್ಥೆಗಳು ಹುಟ್ಟಿದುವೆಂಬುದನ್ನು ಮರೆಯಬಾರದು. ಮೈಸೂರಿನಲ್ಲಿ ೧೯೦೧ರಲ್ಲಿ ಕುರುಡ ಮತ್ತು ಕಿವುಡ ಮಕ್ಕಳ ಶಾಲೆ, ೧೯೧೩ರಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯ ಕಟ್ಟಡ, ೧೯೬೬ರಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪಿತವಾದುವು. ಬಿಜಾಪುರ ಸೀಮೆಯ ಬೀಳಗಿಯವರಾದ ಡಾ. ಎಂ. ಸಿ. ಮೋದಿಯವರು (೧೯೧೬-೨೦೦೫) ಊರೂರಿಗೆ ಹೋಗಿ ಶಿಬಿರಗಳಲ್ಲಿ ಅಸಂಖ್ಯಾತ ವೃದ್ಧರ ಕಣ್ಣಿನ ಪೊರೆ ತೆಗೆದು ಮನೆಮಾತಾದರು. ಇವೆಲ್ಲವೂ ನಾಡಿನ ಹೆಮ್ಮೆ. ಆದರೂ ಶಾಲೆಗೂ ಆಸ್ಪತ್ರೆಗೂ ಮಗುವನ್ನು ಕರೆತರಬೇಕಾಗಿದ್ದಿತು. ಕರೆತರಬೇಕಾದರೆ ದೋಷವು ಮೊದಲೇ ಯಾರದಾದರೂ ಕಣ್ಣಿಗೆ ಬಿದ್ದಿರಬೇಕಾಗಿದ್ದಿತು. ಶಿಬಿರಗಳು ಜನರ ಬಳಿಗೇ ಹೋದುವು ನಿಜ. ಆದರೆ ಅವು ಮುಖ್ಯವಾಗಿ ನೋಡಿದುದು ತನ್ನ ಕಷ್ಟವನ್ನು ತಾನೇ ಹೇಳಬಲ್ಲ ವೃದ್ಧನನ್ನು, ಹೇಳಲಾರದ ಮಗುವನ್ನಲ್ಲ.

೫

ಹಾಗಾದರೆ ಕಾಫಿ ಮಲೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳು ಒಂದೆಡೆ ಕೂಡುವ ಸ್ಥಳವೇ ಇರಲಿಲ್ಲವೆ? ಇದ್ದಿತು. ಅದೇ ತೋಟದ ಶಿಶುವಿಹಾರ.

ತೋಟದ ಕೆಲಸಗಾರರಲ್ಲಿ ಬಹುಮಂದಿ ಮೇಸ್ತ್ರಿಗಳ ಮುಖಾಂತರ ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಬಂದವರು. ಹೆಂಗಸರ ದುಡಿಮೆಯಿಲ್ಲದೆ ಹಣ್ಣಿನ ಕೊಯ್ಲು ಸಾಗದು. ತಾಯಿ ಗಿಡಗಳ ನಡುವೆ, ಮಗು ಲೈನಿನಲ್ಲಿ ಹಿರಿಯ ಹುಡುಗಿಯ ಕಂಕುಳಲ್ಲಿ, ಇದು ಅಲ್ಲಿಯ ನಿತ್ಯದ ನೋಟ. ೧೯೫೧ರ ತೋಟ ಕಾರ್ಮಿಕರ ಶಾಸನವು ೧೯೫೪ರ ಏಪ್ರಿಲ್ ೧ರಂದು ಜಾರಿಗೆ ಬಂದಾಗ ಈ ಸ್ಥಿತಿಗೆ ಮೊದಲ ಬಾರಿಗೆ ಕಾನೂನಿನ ಪರಿಹಾರ ದೊರೆಯಿತು. ಐವತ್ತು ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ, ಮಕ್ಕಳ ಪಾಲನೆಯಲ್ಲಿ ಶಿಕ್ಷಣ ಪಡೆದ ಹೆಂಗಸಿನ ಮೇಲ್ವಿಚಾರಣೆಯಲ್ಲಿ ಶಿಶುವಿಹಾರವನ್ನು ನಡೆಸಬೇಕೆಂದು ಅದು ವಿಧಿಸಿತು. ವೈದ್ಯಕೀಯ ಸೌಕರ್ಯವನ್ನೂ, ಆರರಿಂದ ಹನ್ನೆರಡು ವರ್ಷದ ಮಕ್ಕಳು ಇಪ್ಪತ್ತೈದಕ್ಕೆ ಮೀರಿದಲ್ಲಿ ವಿದ್ಯಾಭ್ಯಾಸದ ಸೌಕರ್ಯವನ್ನೂ ಅದೇ ಶಾಸನವು ಹೇಳಿತು.

ಇದರ ಮಹತ್ವವನ್ನು ಕಡಮೆಯೆನ್ನಲಾಗದು. ನಾಡಿನ ಸಾಧಾರಣ ಹಳ್ಳಿಗಳಲ್ಲಿ ಶಾಲಾಪೂರ್ವ ವಯಸ್ಸಿನ ಮಕ್ಕಳನ್ನು ಕೂಡಿಸುವ ಏರ್ಪಾಡು ಇಲ್ಲದಿದ್ದಾಗ ತೋಟಗಳಲ್ಲಿ ಅದು ಕಾನೂನಿನ ಕರ್ತವ್ಯವಾಯಿತು. ತಪಾಸಣೆಗೆ ಇದಕ್ಕಿಂತ ಅನುಕೂಲವಾದ ಸ್ಥಳ ಬೇರೆ ಯಾವುದು? ಮಕ್ಕಳಿದ್ದಾರೆ, ನೋಡಿಕೊಳ್ಳುವ ಆಯಾ ಇದ್ದಾಳೆ, ತೋಟದ ಔಷಧಾಲಯ ಹತ್ತಿರವಿದೆ. ಆಯಾ ಬೆನ್ನ ಹಿಂದೆ ನಿಂತು ಗಿಲಕಿಯಾಡಿಸಿದಾಗ ಏಳೆಂಟು ತಿಂಗಳ ಕೂಸು ತಿರುಗುತ್ತದೆಯೆ ಎಂದು ನೋಡುವುದು ಕಷ್ಟವಲ್ಲ. ಇಂತಹ ಪರೀಕ್ಷೆಯ ಕ್ರಮವನ್ನು ಮ್ಯಾಂಚೆಸ್ಟರಿನ ಯೂಯಿಂಗ್ ದಂಪತಿಗಳು ೧೯೪೪ರಲ್ಲಿಯೇ ಪ್ರಕಟಿಸಿದ್ದರು. ಆದರೆ ಶಾಸನವು ಶಿಶುವಿಹಾರದಿಂದ ಬಯಸಿದುದು ನೆರಳು, ಗಾಳಿ, ಬೆಳಕು, ಶುಚಿತ್ವ ಮತ್ತು ಪಾಲನೆ. ಇಂದ್ರಿಯಗಳ ಪರೀಕ್ಷೆಯ ಮಾತು ಅದರಲ್ಲಿಲ್ಲ. ಮಗುವನ್ನು ಕಾಯುವ ಸ್ಥಳವಾಯಿತೇ ಹೊರತು ನೋಡುವ ಸ್ಥಳವಾಗಲಿಲ್ಲ.

ವ್ಯಾಪ್ತಿಯ ಪ್ರಶ್ನೆಯೂ ಉಂಟು. ಮೂಲ ಶಾಸನವು ಅನ್ವಯಿಸಿದುದು ಇಪ್ಪತ್ತೈದು ಎಕರೆಗೆ ಕಡಮೆಯಿಲ್ಲದ, ಮೂವತ್ತಕ್ಕೆ ಕಡಮೆಯಿಲ್ಲದ ಕೆಲಸಗಾರರುಳ್ಳ ತೋಟಗಳಿಗೆ. ಕಾಫಿಯ ಹಿಡುವಳಿಗಳಲ್ಲಿ ಸಂಖ್ಯೆಯ ದೃಷ್ಟಿಯಿಂದ ಬಹುಪಾಲು ಸಣ್ಣವೇ. ೧೯೮೧ರ ತಿದ್ದುಪಡಿಯು ಮಿತಿಯನ್ನು ಐದು ಹೆಕ್ಟೇರಿಗೂ ಹದಿನೈದು ಕೆಲಸಗಾರರಿಗೂ ಇಳಿಸಿತು. ಹೆಂಗಸರ ಸಂಖ್ಯೆ ಐವತ್ತಿಲ್ಲದಿದ್ದರೂ ಅವರ ಮಕ್ಕಳು ಇಪ್ಪತ್ತಿದ್ದರೆ ಶಿಶುವಿಹಾರ ಬೇಕೆಂದಿತು. ಆದರೂ ಸಣ್ಣ ತೋಟದ ನಾಲ್ಕಾರು ಮಕ್ಕಳು ಲೆಕ್ಕದ ಹೊರಗೇ ಉಳಿದರು. ೨೦೨೦ರಲ್ಲಿ ಅಂಗೀಕೃತವಾದ ವೃತ್ತಿ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯಲ್ಲಿ ಈ ಶಾಸನವನ್ನು ವಿಲೀನಗೊಳಿಸಲಾಗಿದೆ.

೬

ಶಿಶುವಿಹಾರದಲ್ಲಿ ತೆರೆಯದ ಬಾಗಿಲು ತೆರೆದುದು ಅಂಗನವಾಡಿಯಲ್ಲಿ. ೧೯೭೫ರ ಅಕ್ಟೋಬರ್ ೨ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದುದು ಟಿ. ನರಸೀಪುರ. ಮಲೆನಾಡಿಗೆ ಅದು ಕ್ರಮೇಣ ಹಬ್ಬಿತು. ಅದಕ್ಕೆ ಮುನ್ನ ೧೯೭೦ರಲ್ಲಿಯೇ ಎಳೆಯ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಎ ಅನ್ನಾಂಗದ ದ್ರಾವಣವನ್ನು ಕೊಡುವ ರಾಷ್ಟ್ರೀಯ ಕಾರ್ಯಕ್ರಮ ಬಂದಿದ್ದಿತು. ೧೯೭೬ರಲ್ಲಿ ಅಂಧತ್ವ ನಿಯಂತ್ರಣದ ಕಾರ್ಯಕ್ರಮ, ೨೦೦೬-೦೭ರಲ್ಲಿ ಪ್ರಾಯೋಗಿಕವಾಗಿ ಕಿವುಡುತನ ನಿಯಂತ್ರಣದ ಕಾರ್ಯಕ್ರಮ ಪ್ರಾರಂಭವಾದುವು. ಕಣ್ಣಿಗೂ ಕಿವಿಗೂ ನಡುವೆ ಮೂವತ್ತು ವರ್ಷಗಳ ಅಂತರವಿರುವುದನ್ನು ಗಮನಿಸಬೇಕು. ಕುರುಡು ನೋಡುವವರಿಗೆ ಕಾಣುತ್ತದೆ, ಕಿವುಡು ಕಾಣುವುದಿಲ್ಲ ಎಂಬುದರ ಹೊರತು ಇದಕ್ಕೆ ಬೇರೆ ಕಾರಣ ಹೇಳುವುದು ಕಷ್ಟ. ಅಷ್ಟರಲ್ಲಿ ವಿಜ್ಞಾನವು ಬಹಳ ಮುಂದೆ ಸಾಗಿದ್ದಿತು. ಆರೋಗ್ಯವಾದ ಒಳಗಿವಿಯು ತಾನೇ ಸೂಕ್ಷ್ಮವಾದ ಧ್ವನಿಯನ್ನು ಹೊರಸೂಸುತ್ತದೆಂದು ಲಂಡನ್ನಿನ ಡೇವಿಡ್ ಕೆಂಪ್ ೧೯೭೮ರಲ್ಲಿ ತೋರಿಸಿದನು. ಅದರ ಫಲವಾಗಿ ಮಲಗಿದ ಹಸುಗೂಸಿನ ಕಿವಿಯನ್ನು ಕೆಲವೇ ನಿಮಿಷಗಳಲ್ಲಿ ತಪಾಸಣೆ ಮಾಡುವ ಯಂತ್ರ ಸಿದ್ಧವಾಯಿತು.

೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಈ ಎಲ್ಲ ಎಳೆಗಳನ್ನೂ ಒಂದುಗೂಡಿಸಿತು. ಸಂಚಾರಿ ವೈದ್ಯ ತಂಡವು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಭೇಟಿಯಿತ್ತು ಮಕ್ಕಳನ್ನು ಪರೀಕ್ಷಿಸಬೇಕು; ನವಜಾತ ಶಿಶುವನ್ನು ಆಸ್ಪತ್ರೆಯಲ್ಲಿಯೂ, ಆಶಾ ಕಾರ್ಯಕರ್ತೆಯು ಮನೆಯಲ್ಲಿಯೂ ನೋಡಬೇಕು ಎಂಬುದು ಅದರ ಕ್ರಮ. ಪರೀಕ್ಷಿಸಬೇಕಾದ ಮೂವತ್ತು ಆರೋಗ್ಯ ದೋಷಗಳಲ್ಲಿ ಹುಟ್ಟುಗಿವುಡು, ಹುಟ್ಟುಪೊರೆ, ದೃಷ್ಟಿದೋಷ, ಶ್ರವಣದೋಷ, ಕಿವಿಯ ಸೋಂಕು, ಎ ಅನ್ನಾಂಗದ ಕೊರತೆ, ಗಳಗಂಡ ಇವೆಲ್ಲವೂ ಸೇರಿವೆ. ಮಲೆನಾಡು ಶತಮಾನಕಾಲ ಅನುಭವಿಸಿದ ದೋಷಗಳ ಪಟ್ಟಿಯೇ ಇದೆಂದರೆ ತಪ್ಪಾಗದು. ೨೦೧೭ರಲ್ಲಿ ದಡಾರ-ರುಬೆಲ್ಲ ಲಸಿಕೆಯ ಅಭಿಯಾನವು ಮೊದಲು ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಯಿತು.

೭

ಇಷ್ಟಾದ ಮೇಲೆ ಸಮಸ್ಯೆ ತೀರಿತೆನ್ನಬಹುದೆ? ಈ ಲೇಖಕನ ತರಗತಿಯಲ್ಲಿ ಕೆಲವು ವರ್ಷಗಳ ಹಿಂದೆ, ಮೂಡಿಗೆರೆ ಕಡೆಯ ತೋಟವೊಂದರ ಲೈನಿನಲ್ಲಿ ಬೆಳೆದ ವಿದ್ಯಾರ್ಥಿಯೊಬ್ಬನಿದ್ದನು. ಬುದ್ಧಿವಂತ, ಕಷ್ಟಸಹಿಷ್ಣು. ಸರ್ಕಾರದ ಸಮವಸ್ತ್ರದ ಕೆಲಸವೊಂದಕ್ಕೆ ಆಯ್ಕೆಯಾಗಿ ದೇಹಪರೀಕ್ಷೆಗೆ ಹೋದಾಗ ಅವನ ಎಡಗಣ್ಣು ಬಹುಮಟ್ಟಿಗೆ ಕಾಣುವುದಿಲ್ಲವೆಂದು ಅವನಿಗೇ ಮೊದಲ ಸಲ ತಿಳಿಯಿತು. ಬಾಲ್ಯದಲ್ಲಿ ಆ ಕಣ್ಣು ಸ್ವಲ್ಪ ಮೆಳ್ಳೆಯಾಗಿದ್ದಿತು. ಮೆಳ್ಳೆಗಣ್ಣು ಅದೃಷ್ಟವೆಂದು ಅಜ್ಜಿ ಹೇಳುತ್ತಿದ್ದಳಂತೆ. ನಾಲ್ಕು ವರ್ಷದವನಾಗಿದ್ದಾಗ ಒಬ್ಬರು ಅವನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ "ಇದು ಏನು, ಹೇಳಪ್ಪ" ಎಂದು ಕೇಳಿದ್ದರೆ ಸಾಕಾಗಿದ್ದಿತು. ಯಾರೂ ಕೇಳಿರಲಿಲ್ಲ. ಇಂಗ್ಲೆಂಡು ಬೋಯರ್ ಯುದ್ಧದ ಕಾಲದಲ್ಲಿ ಕಲಿತ ಪಾಠವನ್ನು ನಮ್ಮ ಹುಡುಗನು ತನ್ನ ಉದ್ಯೋಗವನ್ನು ತೆತ್ತು ಕಲಿಯಬೇಕಾಯಿತು.

ಚರಿತ್ರೆಯಿಂದ ತೋರಿಬರುವ ಅಂಶಗಳು ಎರಡು. ಮೊದಲನೆಯದು: ತಪಾಸಣೆ ಸದಾ ಒಂದು ಬಾಗಿಲನ್ನು ಅವಲಂಬಿಸಿ ನಿಂತಿದೆ, ಶಾಲೆಯ ಹಾಜರಿ, ತೋಟದ ಪಟ್ಟಿ, ಅಂಗನವಾಡಿಯ ದಾಖಲೆ. ಪಟ್ಟಿಯಲ್ಲಿಲ್ಲದ ಮಗುವನ್ನು ಯಾರೂ ನೋಡುವುದಿಲ್ಲ. ಇಂದು ಕಾಫಿ ತೋಟಗಳಿಗೆ ಅಸ್ಸಾಮ್ ಮೊದಲಾದ ದೂರದ ರಾಜ್ಯಗಳಿಂದಲೂ ಕೆಲಸಗಾರರು ಬರುತ್ತಿದ್ದಾರೆ. ಕೊಯ್ಲಿಗೆ ಬಂದು ಕೊಯ್ಲು ಮುಗಿದೊಡನೆ ಹೊರಡುವ ಕುಟುಂಬದ ಕೂಸು ಆರು ತಿಂಗಳಿಗೊಮ್ಮೆ ಬರುವ ತಂಡದ ಕಣ್ಣಿಗೆ ಬೀಳುವುದು ಕೇವಲ ಆಕಸ್ಮಿಕ. ಹಿಂದೆ ಮೇಸ್ತ್ರಿಯ ಜೊತೆ ಘಟ್ಟ ಹತ್ತಿಳಿಯುತ್ತಿದ್ದ ಮಗುವಿನ ಸ್ಥಿತಿಯೇ ಇಂದು ಈ ಮಗುವಿನದು. ಎರಡನೆಯದು: ತಪಾಸಣೆಯ ಬೆಲೆ ಅದರ ಮುಂದಿನ ಹಾದಿಯಲ್ಲಿದೆ. ೧೯೬೮ರಲ್ಲಿ ವಿಲ್ಸನ್ ಮತ್ತು ಯುಂಗ್ನರ್ ವಿಶ್ವ ಆರೋಗ್ಯ ಸಂಸ್ಥೆಗಾಗಿ ನಿರೂಪಿಸಿದ ತತ್ತ್ವಗಳಲ್ಲಿ, ನಿರ್ಣಯಕ್ಕೂ ಚಿಕಿತ್ಸೆಗೂ ಸೌಕರ್ಯವಿರಬೇಕೆಂಬುದು ಒಂದು. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಸುಮಾರು ಮೂವತ್ತು ಕಿಲೋಮೀಟರು. ಕಳಸದಿಂದ ಸುಮಾರು ತೊಂಬತ್ತು. ದಿನಗೂಲಿಯ ತಾಯಿಗೆ ಈ ತೊಂಬತ್ತು ಕಿಲೋಮೀಟರು ಎಂದರೆ ಒಂದೆರಡು ದಿನಗಳ ಕೂಲಿಯ ನಷ್ಟ. ಸಂಶಯಾಸ್ಪದವೆಂದು ಚೀಟಿ ಬರೆದುಕೊಟ್ಟ ಮಾತ್ರಕ್ಕೆ ಮಗುವಿಗೆ ಕಿವಿ ಬಾರದು.

ಕೊನೆಯದಾಗಿ ಚರಿತ್ರೆಯ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ವಿಜ್ಞಾಪನೆ. ಹಳೆಯ ತೋಟಗಳ ಕಚೇರಿಗಳಲ್ಲಿ ರೈಟರುಗಳು ಬರೆದಿಟ್ಟ ಚೆಕ್‌ರೋಲುಗಳು, ಶಿಶುವಿಹಾರದ ಹಾಜರಿಪುಸ್ತಕಗಳು, ಔಷಧಾಲಯದ ದಿನಚರಿಗಳು ಉಳಿದಿದ್ದರೆ ಅವು ಗೆದ್ದಲಿಗೆ ಈಡಾಗುವ ಮೊದಲು ಸಂಗ್ರಹಿಸಿ ಪರಿಶೀಲಿಸಬೇಕಾಗಿದೆ. ಶಿಶುವಿಹಾರಗಳಲ್ಲಿ ದುಡಿದ ವೃದ್ಧ ಆಯಾಗಳ ನೆನಪುಗಳನ್ನು ಬರೆದುಕೊಳ್ಳಬೇಕಾಗಿದೆ. ಖಾನೇಷುಮಾರಿಯ ಪಟ್ಟಿಯಲ್ಲಿ ಮರೆಯಾದ ಆ ಐದು ವರ್ಷದೊಳಗಿನ ಮಕ್ಕಳ ಸುಳಿವು ದೊರೆಯುವುದಾದರೆ ಅಲ್ಲಿಯೇ ದೊರೆಯಬೇಕು. ಹಾಗೆ ಶೋಧಿಸಲು ಮಲೆಗಳಿಗೆ ಹೋದ ವಿದ್ಯಾರ್ಥಿಯು ಲೈನಿನ ಮುಂದೆ ಆಡುತ್ತಿರುವ ಕೂಸೊಂದು ಕರೆದರೆ ತಿರುಗುವುದಿಲ್ಲವೆಂಬುದನ್ನು ಕಂಡರೆ, ಪುಸ್ತಕವನ್ನು ಮುಚ್ಚಿಟ್ಟು ಮೊದಲು ಅದರ ತಾಯಿಗೂ ಆಶಾ ಕಾರ್ಯಕರ್ತೆಗೂ ಆ ವಿಷಯವನ್ನು ತಿಳಿಸಲಿ. ಹಳೆಯ ದಾಖಲೆಗಳು ಕೆಲವು ದಿನ ಕಾದಾವು. ಆ ಮಗುವಿನ ವಯಸ್ಸು ಕಾಯದು.